ಚಿತ್ರಕ್ಕೆ ಧ್ವನಿ ಜೋಡಾಗಿರಲಿ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಕೂಟದಲ್ಲಿ ನನಗೆ ಒಪ್ಪಿಸಿರುವ ವಿಷಯ ಸಾಹಿತ್ಯದ್ದಲ್ಲ, ಸಂಘಟನೆಯದ್ದೂ ಅಲ್ಲ. ದೊಡ್ಡ ವಿಡಿಯೋ ಫೈಲುಗಳ ಅಂಚು ಕತ್ತರಿಸಿ, ಅವುಗಳನ್ನು ಎಲ್ಲರ ಮೊಬೈಲಿನಲ್ಲಿಯೂ ನಡೆಯುವಂತಹ ಸಣ್ಣ ಫೈಲುಗಳಾಗಿ ಮಾರ್ಪಡಿಸುವಾಗ ಧ್ವನಿಯು ಚಿತ್ರವನ್ನು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ. ಇದನ್ನು ಕೇಳಿದೊಡನೆ ಹಿರಿಯರು ಕೆಲವರು "ಇದು ಹುಡುಗರ ಆಟ" ಎಂದು ಚಹಾಕ್ಕೆ ಎದ್ದರೆ ನನಗೆ ಬೇಸರವಿಲ್ಲ. ಆದರೆ ಹತ್ತು ನಿಮಿಷ ಕೇಳಿ ಆಮೇಲೆ ಏಳಿರೆಂದು ಬೇಡುತ್ತೇನೆ. ಏಕೆಂದರೆ ನಮ್ಮ ಸಂಘದ ಕಪಾಟಿನ ಕ್ಯಾಸೆಟ್ಟುಗಳೊಳಗೆ ಇರುವವರು ಹುಡುಗರಲ್ಲ. ಗಿರಣಿಯ ಭೋಂಗಾ ಕೇಳಿ ನಸುಕಿನಲ್ಲಿ ಎದ್ದು ಹೋಗುತ್ತಿದ್ದವರು, ಭಟ್ಟಿಯ ಮುಂದೆ ಹದಿನಾಲ್ಕು ತಾಸು ನಿಂತವರು, ವರ್ಷಕ್ಕೊಂದು ರಾತ್ರಿ ಬಣ್ಣ ಹಚ್ಚಿ ರಾಜರಾಗುತ್ತಿದ್ದವರು ಅದರಲ್ಲಿದ್ದಾರೆ. ಅವರಲ್ಲಿ ಅನೇಕರು ಈಗ ನಮ್ಮೊಡನೆ ಇಲ್ಲ. ಗಿರಣಿಗಳಂತೂ 1982ರ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿ, ಆ ನೆಲದ ಮೇಲೆ ಎಂತೆಂತಹ ಗೋಪುರಗಳು ಎದ್ದಿವೆಯೆಂದು ತಮಗೆಲ್ಲ ಗೊತ್ತಿದೆ. ಉಳಿದಿರುವುದು ಈ ಕ್ಯಾಸೆಟ್ಟುಗಳೇ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಕೊಂಡುಬಿಡುತ್ತೇನೆ. ಉಳಿದದ್ದು ಅದರ ಬೆನ್ನಿಗೇ ಬರುತ್ತದೆ.

1994ರಲ್ಲಿ ನಮ್ಮ ಸದಸ್ಯರೇ ಕೂಡಿ ಆಡಿದ ಕರ್ಣಪರ್ವ ಯಕ್ಷಗಾನವನ್ನು ಯಾರೋ ಪುಣ್ಯಾತ್ಮರು ಮೂರು ತಾಸಿನ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಕರ್ಣನ ಪಾತ್ರ ಮಾಡಿದವರು ಕುಂದಾಪುರದ ಕಡೆಯವರು. ಹುಡುಗನಾಗಿ ಬಂದು ಕಪ್ಪು ಬಸಿ ತೊಳೆದು, ಮುಂದೆ ದೋಸೆ ಕಾವಲಿಯ ಮುಂದೆಯೇ ಮೂವತ್ತು ವರ್ಷ ಕಳೆದವರು. 2019ರಲ್ಲಿ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಉತ್ಸಾಹ ನನಗೆ ಬಂತು. ಇಳಿಸಿದೆ. ಹತ್ತಿರ ಹತ್ತಿರ 40 ಗಿಗಾಬೈಟಿನ ಫೈಲು ಆಯಿತು. ಚಿತ್ರದ ಕೆಳ ಅಂಚಿನಲ್ಲಿ ಹುಳು ಹರಿದಂತೆ ಒಂದು ಗೆರೆ ಕುಣಿಯುತ್ತಿತ್ತು. ಅದು ಕಾಣಬಾರದೆಂದು ಕೆಳಗಿನಿಂದ ಧಾರಾಳವಾಗಿ ಕತ್ತರಿಸಿದೆ, ಫೈಲನ್ನು ಚಿಕ್ಕದು ಮಾಡಿದೆ, ಮೊದಲ ಐದು ನಿಮಿಷ ನೋಡಿ ಸಂತೋಷಪಟ್ಟೆ. ಜಾಗ ಸಾಲದೆಂದು ದೊಡ್ಡ ಫೈಲನ್ನು ಅಳಿಸಿಬಿಟ್ಟೆ. ಕ್ಯಾಸೆಟ್ಟನ್ನು ಒರೆಸದೆ ಹಾಗೆಯೇ ಕಪಾಟಿಗೆ ಸೇರಿಸಿದೆ.

2022ರಲ್ಲಿ ಆ ಹಿರಿಯರು ತೀರಿಕೊಂಡರು. ಅವರ ಪತ್ನಿ ಮೊಮ್ಮಗನನ್ನು ಕರೆದುಕೊಂಡು ಈ ಕೋಣೆಗೇ ಬಂದು ಆ ಆಟವನ್ನು ನೋಡಬೇಕೆಂದರು. ಹಾಕಿದೆ. ಮೊದಲ ತಾಸು ಆ ತಾಯಿ ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಆಮೇಲಾಮೇಲೆ ಅವರ ಮುಖದ ಮೇಲೆ ಏನೋ ಗೊಂದಲ ಕಾಣಿಸಿತು. ಕರ್ಣ ಕಾಲು ಅಪ್ಪಳಿಸುತ್ತಾನೆ, ಚೆಂಡೆ ಆಮೇಲೆ ಬೀಳುತ್ತದೆ. ತುಟಿ ನಿಂತಿದೆ, ಮಾತು ಇನ್ನೂ ಬರುತ್ತಿದೆ. ಕಾಲಿನ ಗೆಜ್ಜೆಯಂತೂ ಕಾಣುವುದೇ ಇಲ್ಲ, ನಾನು ಕತ್ತರಿಸಿ ಹಾಕಿದ್ದೆನಲ್ಲ. ಆ ತಾಯಿ ಕೊನೆಗೆ ಹೇಳಿದ್ದು ಇಷ್ಟೇ: "ಸ್ವರ ಅವ್ರದ್ದೇ ಮಗಾ. ಆರೆ ಅವ್ರ್ ಹೀಂಗ್ ಕುಣೀತಿರ್ಲಿಲ್ಲ."

ಕ್ಯಾಸೆಟ್ಟು ತೆಗೆದು ನೋಡಿದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಟೇಪಿನ ಅಂಚು ಬೆಳ್ಳಗಾಗಿತ್ತು. ಆ ದಿನದಿಂದ ಈ ವಿದ್ಯೆಯನ್ನು ಸರಿಯಾಗಿ ಕಲಿಯಬೇಕೆಂದು ಹಟ ಹಿಡಿದೆ.

ಈಗ ವಿಷಯಕ್ಕೆ ಬರೋಣ. ಚಿತ್ರವೂ ಧ್ವನಿಯೂ ಒಂದೇ ವಸ್ತುವೆಂದು ನಾವು ಭಾವಿಸುತ್ತೇವೆ. ಎಂದೂ ಹಾಗಿರಲಿಲ್ಲ. ಇದೇ ಊರಿನ ಮೆಜೆಸ್ಟಿಕ್ ಟಾಕೀಸಿನಲ್ಲಿ 1931ರ ಮಾರ್ಚ್ 14ರಂದು ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಬಿಡುಗಡೆಯಾಯಿತು. ಮೂರು ವರ್ಷದ ತರುವಾಯ, 1934ರಲ್ಲಿ, ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತಯಾರಾದದ್ದೂ ಕನ್ನಡ ನಾಡಿನ ಹೊರಗೆ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅಂದಿನ ಪ್ರೊಜೆಕ್ಟರಿನ ಒಂದು ಸೋಜಿಗವನ್ನು ಹೇಳುತ್ತೇನೆ. ಫಿಲ್ಮಿನ ಸುರುಳಿಯಲ್ಲಿ ಒಂದು ಬಿಡಿಚಿತ್ರದ ಪಕ್ಕದಲ್ಲಿಯೇ ಅದರ ಧ್ವನಿ ಇರುತ್ತಿರಲಿಲ್ಲ. ಸುಮಾರು ಇಪ್ಪತ್ತು ಬಿಡಿಚಿತ್ರಗಳಷ್ಟು ಮುಂದೆ ಇರುತ್ತಿತ್ತು. ಕಾರಣವೇನೆಂದರೆ, ಚಿತ್ರವು ದೀಪದ ಮುಂದೆ ನಿಂತು ನಿಂತು, ತಟಕ್ ತಟಕ್ಕೆಂದು ಚಲಿಸಬೇಕು. ಧ್ವನಿಯನ್ನು ಓದುವ ಜಾಗದಲ್ಲಿ ಫಿಲ್ಮು ನೀರಿನ ಹಾಗೆ ಸಮನಾಗಿ ಹರಿಯಬೇಕು. ಒಂದೇ ಜಾಗದಲ್ಲಿ ಎರಡೂ ಸಾಧ್ಯವಿಲ್ಲ. ಆದುದರಿಂದ ಎರಡನ್ನೂ ದೂರ ದೂರ ಇಟ್ಟು, ಪರದೆಯ ಮೇಲೆ ಮಾತ್ರ ಕೂಡಿಸುತ್ತಿದ್ದರು. ಫಿಲ್ಮನ್ನು ಹಾಕುವವನು ಕುಣಿಕೆಯನ್ನು ಒಂದಿಷ್ಟು ಹೆಚ್ಚು ಕಡಿಮೆ ಬಿಟ್ಟರೆ ನಾಯಕಿಯ ಮಾತು ತುಟಿ ತಪ್ಪುತ್ತಿತ್ತು, ಪಿಟ್ ಕ್ಲಾಸಿನಿಂದ ಸೀಟಿ ಬೀಳುತ್ತಿತ್ತು.

ಇಂದಿನ ಫೈಲಿನಲ್ಲಿಯೂ ಇದೇ ಸಂಸಾರ. ಎಂಪಿ4, ಎಂಕೆವಿ, ಎವಿಐ ಎಂಬ ಹೆಸರುಗಳನ್ನು ಕೇಳಿದ್ದೀರಿ. ಇವು ಊಟವಲ್ಲ, ಬರೀ ಡಬ್ಬಿ. ಡಬ್ಬಿಯ ಒಂದು ಖಾನೆಯಲ್ಲಿ ಚಿತ್ರ, ಇನ್ನೊಂದು ಖಾನೆಯಲ್ಲಿ ಧ್ವನಿ. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಪದ್ಧತಿಗಳು ಬೇರೆ: 2003ರಲ್ಲಿ ಬಂದ ಎಚ್.264 ಎಲ್ಲ ಮೊಬೈಲಿನಲ್ಲಿಯೂ ನಡೆಯುತ್ತದೆ, 2013ರ ಎಚ್.265 ಇನ್ನೂ ಚಿಕ್ಕದು ಮಾಡುತ್ತದೆ, ಆದರೆ ಹಳೆಯ ಯಂತ್ರಗಳಲ್ಲಿ ಮುಗ್ಗರಿಸುತ್ತದೆ. ಧ್ವನಿಗೆ ಹೆಚ್ಚಾಗಿ ಎಎಸಿ ಎಂಬ ಪದ್ಧತಿ. ಪ್ರತಿ ತುಣುಕಿನ ಮೇಲೆಯೂ "ನನ್ನನ್ನು ಇಷ್ಟನೆಯ ಕ್ಷಣದಲ್ಲಿ ತೋರಿಸು, ಇಷ್ಟನೆಯ ಕ್ಷಣದಲ್ಲಿ ಕೇಳಿಸು" ಎಂದು ವೇಳೆಯ ಮುದ್ರೆ ಒತ್ತಿರುತ್ತದೆ. ಆ ಮುದ್ರೆಗಳು ಸರಿಯಿರುವ ತನಕ ಜೋಡಿ ತಪ್ಪದು. ನಾವು ಕತ್ತರಿಸುವಾಗ, ಕೂಡಿಸುವಾಗ, ಮಾರ್ಪಡಿಸುವಾಗ ಈ ಮುದ್ರೆಗಳೇ ಹೆಚ್ಚು ಕಡಿಮೆಯಾಗುವುದು.

ಎಷ್ಟು ತಪ್ಪಿದರೆ ಮನುಷ್ಯನಿಗೆ ತಿಳಿಯುತ್ತದೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದೆ. ಧ್ವನಿ ಚಿತ್ರಕ್ಕಿಂತ ಮುಂಚೆ ಬಂದರೆ ಸೆಕೆಂಡಿನ ಸಾವಿರದಲ್ಲಿ 45 ಪಾಲಿಗೇ ಗೊತ್ತಾಗುತ್ತದೆ. ಹಿಂದೆ ಬಿದ್ದರೆ 125 ಪಾಲಿನ ತನಕ ಗೊತ್ತಾಗುವುದಿಲ್ಲ. ಈ ಪಕ್ಷಪಾತಕ್ಕೆ ಕಾರಣ ನಮ್ಮ ಅನುಭವದಲ್ಲಿಯೇ ಇದೆ. ಬೆಳಕು ಕ್ಷಣದಲ್ಲಿ ಬರುತ್ತದೆ, ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಮಾತ್ರ ನಡೆಯುತ್ತದೆ. ಊರ ಗದ್ದೆಯಲ್ಲಿ ಆಟ ನಡೆಯುವಾಗ ರಂಗದಿಂದ 35 ಮೀಟರು ಹಿಂದೆ ಚಾಪೆ ಹಾಸಿ ಕುಳಿತವನಿಗೆ ಚೆಂಡೆಯ ಪೆಟ್ಟು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ತಡವಾಗಿಯೇ ಕೇಳಿಸುತ್ತದೆ. ಅವನಿಗೆ ಅದು ಅಭ್ಯಾಸ. ಪೆಟ್ಟು ಬೀಳುವ ಮೊದಲೇ ಶಬ್ದ ಕೇಳಿದ್ದು ಮಾತ್ರ ಯಾರ ಅನುಭವದಲ್ಲಿಯೂ ಇಲ್ಲ. ಅಂತಲೇ ಸರಿಪಡಿಸುವಾಗ ಸಂಶಯವಿದ್ದರೆ ಧ್ವನಿಯನ್ನು ಒಂದು ಕೂದಲೆಳೆ ಹಿಂದಕ್ಕೇ ಇಡಿ, ಮುಂದಕ್ಕೆ ಬೇಡ.

ಕತ್ತರಿಸುವುದು ಎಂದೆನಲ್ಲ, ಅದರಲ್ಲಿ ಎರಡು ಬಗೆ. ಗಿರಣಿಯಲ್ಲಿ ದುಡಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ತಾನನ್ನು ಉದ್ದದಲ್ಲಿ ತುಂಡು ಮಾಡುವುದು ಒಂದು. ಅಂಚನ್ನು ಕತ್ತರಿಸಿ ಅಗಲ ಕಡಿಮೆ ಮಾಡುವುದು ಇನ್ನೊಂದು. ವಿಡಿಯೋದ ಉದ್ದವೆಂದರೆ ವೇಳೆ, ಅಗಲವೆಂದರೆ ಚೌಕಟ್ಟು.

ಅಗಲ ಕತ್ತರಿಸಿದರೆ, ಅಂದರೆ ಬರೀ ಅಂಚು ತೆಗೆದರೆ, ಧ್ವನಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆದರೆ ಚಿತ್ರವನ್ನು ಮಾತ್ರ ಬಿಚ್ಚಿ, ಕತ್ತರಿಸಿ, ಮೊದಲಿನಿಂದ ಮತ್ತೆ ಒತ್ತಬೇಕು. ಪ್ರತಿ ಸಲ ಮತ್ತೆ ಒತ್ತಿದಾಗಲೂ ಸ್ವಲ್ಪ ಕಾಂತಿ ಹೋಗುತ್ತದೆ. ನಿನ್ನೆಯ ಡಿಕಾಕ್ಷನ್ನನ್ನು ಇಂದು, ಇಂದಿನದನ್ನು ನಾಳೆ ಕಾಸಿದರೆ ಗಿರಾಕಿ ಏನೆನ್ನುತ್ತಾನೋ ಹಾಗೆ. ಆದುದರಿಂದ ಅಂಚು ತೆಗೆಯುವುದು, ಚಿಕ್ಕದು ಮಾಡುವುದು, ಮಬ್ಬು ತೆಗೆಯುವುದು ಎಲ್ಲವನ್ನೂ ಒಂದೇ ಸಲಕ್ಕೆ, ಮೂಲ ಫೈಲಿನಿಂದಲೇ ಮಾಡತಕ್ಕದ್ದು. ಧ್ವನಿಯನ್ನು ಮುಟ್ಟದೆ ಇದ್ದಂತೆಯೇ ದಾಟಿಸಿಬಿಡಿ. ತಂತ್ರಾಂಶಗಳಲ್ಲಿ ಇದಕ್ಕೆ 'ಪಾಸ್‌ಥ್ರೂ' ಅಥವಾ 'ಕಾಪಿ' ಎಂದಿರುತ್ತದೆ.

ಉದ್ದ ಕತ್ತರಿಸುವಾಗ ಬೇರೆಯೇ ತೊಡಕು. ವಿಡಿಯೋದಲ್ಲಿ ಪ್ರತಿಯೊಂದು ಬಿಡಿಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ಣ ಚಿತ್ರವಿದ್ದು, ನಡುವಿನವು "ಹಿಂದಿನದಕ್ಕಿಂತ ಇಷ್ಟು ಮಾತ್ರ ಬದಲು" ಎಂದು ಬರೆದಿಟ್ಟ ಚೀಟಿಗಳು. ಎರಡು ಪೂರ್ಣ ಚಿತ್ರಗಳ ನಡುವೆ ಹತ್ತು ಸೆಕೆಂಡಿನ ಅಂತರವೂ ಇರಬಹುದು. ಮತ್ತೆ ಒತ್ತದೆ ಕತ್ತರಿಸಹೊರಟರೆ ಧ್ವನಿಯು ನೀವು ಹೇಳಿದ ಜಾಗದಲ್ಲಿ ಕತ್ತರಿಸಿಕೊಳ್ಳುತ್ತದೆ, ಚಿತ್ರವು ಪೂರ್ಣ ಚಿತ್ರವಿದ್ದಲ್ಲಿ ಮಾತ್ರ ಕತ್ತರಿಸಿಕೊಳ್ಳುತ್ತದೆ. ಪರಿಣಾಮವಾಗಿ ಮೊದಲು ಕೆಲವು ಸೆಕೆಂಡು ಪರದೆ ಕಪ್ಪು ಅಥವಾ ಸ್ತಬ್ಧ, ಮಾತು ಮಾತ್ರ ಓಡುತ್ತಿರುತ್ತದೆ. ಸ್ವಾಗತ ಭಾಷಣದಲ್ಲಿ ಹೀಗಾದರೆ ಯಾರಿಗೂ ನಷ್ಟವಿಲ್ಲವೆನ್ನಿ.

ಚೌಕಟ್ಟಿನ ವಿಷಯದಲ್ಲಿ ನಾಲ್ಕು ಮಾತು. ಹಳೆಯ ವಿ.ಎಚ್.ಎಸ್. ಟೇಪುಗಳ ಕೆಳ ಅಂಚಿನಲ್ಲಿ ಕಾಣುವ ಹುಳುಗೆರೆ, ಟೇಪು ಓದುವ ಎರಡು ತಲೆಗಳು ಪಾಳಿ ಬದಲಾಯಿಸುವ ಜಾಗ. ಅದು ಎಲ್ಲ ಟೇಪಿನಲ್ಲಿಯೂ ಇರುತ್ತದೆ. ಹತ್ತು ಹನ್ನೆರಡು ಗೆರೆಗಳಷ್ಟು ತೆಗೆದರೆ ಸಾಕು. ನಾನು ಅರುವತ್ತು ಗೆರೆ ತೆಗೆದು ಗೆಜ್ಜೆಯನ್ನೇ ಕಳೆದೆ. ಕತ್ತರಿಸುವ ಅಳತೆ ಯಾವಾಗಲೂ ಸರಿಸಂಖ್ಯೆಯಲ್ಲಿರಲಿ, ಏಕೆಂದರೆ ಬಣ್ಣದ ವಿವರವನ್ನು ಎರಡೆರಡು ಚುಕ್ಕೆಗಳಿಗೆ ಒಂದರಂತೆ ಇಟ್ಟಿರುತ್ತಾರೆ. ಹಳೆಯ ಟೇಪಿನ ಚಿತ್ರವು ಬೆಸ ಗೆರೆ ಒಂದು ಸಲ, ಸಮ ಗೆರೆ ಒಂದು ಸಲ ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಬರುವುದರಿಂದ ಅಂಚು ಕತ್ತರಿಸುವ ಮೊದಲೇ 'ಡಿಇಂಟರ್‌ಲೇಸ್' ಮಾಡಿ ಅವನ್ನು ಕೂಡಿಸಿಕೊಳ್ಳಬೇಕು. ಇಲ್ಲವಾದರೆ ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲು ಕಾಣುತ್ತದೆ. ಇನ್ನು, ಕತ್ತರಿಸಿ ಉಳಿದದ್ದನ್ನು ಟಿ.ವಿ.ಯ ಅಗಲಕ್ಕೆ ಎಳೆದು ತುಂಬಬೇಡಿ. ಇಕ್ಕೆಲದಲ್ಲಿ ಕಪ್ಪು ಪಟ್ಟಿಯಿದ್ದರೆ ಇರಲಿ. ನಮ್ಮ ಹಿರಿಯರ ಮುಖಗಳೆಲ್ಲ ಉಬ್ಬಿದ ಪೂರಿಯಂತೆ ಕಾಣುವುದನ್ನು ನಾನು ಎಷ್ಟು ಮದುವೆಯ ಕ್ಯಾಸೆಟ್ಟುಗಳಲ್ಲಿ ನೋಡಿಲ್ಲ!

ಹೊಸ ಮೊಬೈಲು ಇರುವ ತರುಣರಿಗೆ ಈ ಅಂಚು ಕತ್ತರಿಸುವುದು ಒಂದು ವರವೇ ಸರಿ. ನಾಲ್ಕು ಕೆ ಎಂಬ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುತ್ತವೆ. ಅದರ ನಾಲ್ಕರಲ್ಲೊಂದು ಪಾಲು ಕತ್ತರಿಸಿದರೂ 1920ಕ್ಕೆ 1080 ಚುಕ್ಕೆಗಳ ಪೂರ್ಣ ಚಿತ್ರ ಸಿಗುತ್ತದೆ. ಆದುದರಿಂದ ನಾಟಕ ಹಿಡಿಯುವವನು ಪಾತ್ರದ ಬೆನ್ನು ಹತ್ತಿ ಮೊಬೈಲು ತಿರುಗಿಸುತ್ತ ಹೋಗಬೇಕಾಗಿಲ್ಲ. ಇಡೀ ರಂಗ ಕಾಣುವಂತೆ ಮೊಬೈಲನ್ನು ಅಡ್ಡಲಾಗಿ ಒಂದು ಕಡೆ ನಿಲ್ಲಿಸಿ, ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು.

ಆದರೆ ಫೈಲು ದೊಡ್ಡದಾಗುತ್ತದೆ. ಎಷ್ಟು ದೊಡ್ಡದೆಂಬುದಕ್ಕೆ ಗಲ್ಲೆಯ ಮೇಲೆ ಮಾಡುವಂತಹ ಸುಲಭ ಲೆಕ್ಕವಿದೆ. ಸೆಕೆಂಡಿಗೆ ಎಷ್ಟು ಮೆಗಾಬಿಟ್ ಹರಿಯುತ್ತದೆಯೋ ಅದನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿ, ಮೆಗಾಬೈಟು ಬರುತ್ತದೆ. ಸೆಕೆಂಡಿಗೆ 50 ಮೆಗಾಬಿಟ್ಟಿನಂತೆ ಎರಡು ತಾಸಿನ ನಾಟಕವೆಂದರೆ 50ನ್ನು 7200ರಿಂದ ಗುಣಿಸಿ 8ರಿಂದ ಭಾಗಿಸಿದಾಗ 45,000 ಮೆಗಾಬೈಟು, ಅಂದರೆ 45 ಗಿಗಾಬೈಟು. ಅದನ್ನೇ 5 ಮೆಗಾಬಿಟ್ಟಿಗೆ ಇಳಿಸಿದರೆ ನಾಲ್ಕೂವರೆ ಗಿಗಾಬೈಟು. ಪೆನ್‌ಡ್ರೈವು ಹಳೆಯ ಫ್ಯಾಟ್32 ಪದ್ಧತಿಯದಾಗಿದ್ದರೆ 4 ಗಿಗಾಬೈಟಿಗಿಂತ ದೊಡ್ಡ ಒಂದೇ ಫೈಲನ್ನು ಅದು ಸ್ವೀಕರಿಸದು. ಜಾಗ ಬೇಕಾದಷ್ಟಿದ್ದರೂ "ಜಾಗವಿಲ್ಲ" ಎನ್ನುತ್ತದೆ. ಪೆನ್‌ಡ್ರೈವು ಹಾಳಾಗಿದೆಯೆಂದು ಹೊಸದನ್ನು ಕೊಂಡವರು ನಮ್ಮಲ್ಲಿಯೇ ಇದ್ದಾರೆ.

ಇದೇ ಕಾರಣದಿಂದ ಎಷ್ಟೋ ಕ್ಯಾಮೆರಾಗಳು ದೀರ್ಘ ಕಾರ್ಯಕ್ರಮವನ್ನು ತುಂಡು ತುಂಡು ಫೈಲುಗಳಾಗಿ ಬರೆಯುತ್ತವೆ. ಈ ತುಂಡುಗಳನ್ನು ಕೂಡಿಸುವಲ್ಲಿ ಜೋಡಿ ತಪ್ಪುವುದುಂಟು. ಸೆಕೆಂಡಿಗೆ 25ರಂತೆ ಒಂದು ಬಿಡಿಚಿತ್ರಕ್ಕೆ 40 ಮಿಲಿಸೆಕೆಂಡು. ಧ್ವನಿಯ ಒಂದು ತುಣುಕಿಗೆ ಸುಮಾರು 21 ಮಿಲಿಸೆಕೆಂಡು. ಎರಡೂ ಒಂದೇ ಕಡೆ ಮುಗಿಯುವುದಿಲ್ಲ. ಪ್ರತಿ ಬೆಸುಗೆಯಲ್ಲಿ ಸ್ವಲ್ಪ ಸ್ವಲ್ಪ ಮಿಕ್ಕುತ್ತದೆ. ಒಂದು ಬೆಸುಗೆ ಗೊತ್ತಾಗದು, ಹನ್ನೆರಡನೆಯದು ಗೊತ್ತಾಗುತ್ತದೆ. ತುಂಡುಗಳನ್ನು ಮೊದಲು ಕೂಡಿಸಿ, ಪ್ರತಿ ಬೆಸುಗೆಯ ಮುಂದೆ ಒಂದು ನಿಮಿಷ ಕೇಳಿ ನೋಡಿ, ಆಮೇಲೆಯೇ ಅಂಚಿಗೆ ಕೈ ಹಾಕಬೇಕು.

ಈಗ ಮುಖ್ಯ ಪ್ರಶ್ನೆ. ಜೋಡಿ ತಪ್ಪಿದ ಫೈಲು ಕೈಗೆ ಬಂದಾಗ ಏನು ಮಾಡುವುದು? ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಬಾರದು. ತಪ್ಪುವುದರಲ್ಲಿ ಮೂರು ಬಗೆಯಿದೆ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ತಪ್ಪಿರಬಹುದು. ಮೊದಲು ಸರಿಯಿದ್ದು ಸ್ವಲ್ಪ ಸ್ವಲ್ಪವಾಗಿ ಜಾರುತ್ತ ಹೋಗಬಹುದು. ಅಥವಾ ನಡುವೆ ಅಲ್ಲಲ್ಲಿ ಹಠಾತ್ತನೆ ಜಿಗಿಯಬಹುದು. ಪರೀಕ್ಷೆ ಸುಲಭ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ಹಾಕಿ, ಕೀಲಿಮಣೆಯ 'ಜೆ' ಮತ್ತು 'ಕೆ' ಒತ್ತಿದರೆ ಧ್ವನಿಯು 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಯುತ್ತದೆ. ಶುರುವಿನಲ್ಲಿ ಸರಿಹೊಂದಿಸಿ, ಎಷ್ಟಾಯಿತೆಂದು ಬರೆದುಕೊಳ್ಳಿ; ಹತ್ತು ಹತ್ತು ನಿಮಿಷಕ್ಕೊಮ್ಮೆ ಹಾರಿ ನೋಡಿ. ಕೊನೆಯ ತನಕ ಅದೇ ಅಂಕಿ ಹಿಡಿದರೆ ಮೊದಲನೆಯ ರೋಗ, ಅಷ್ಟು ಸರಿಸಿದರೆ ವಾಸಿಯಾಯಿತು.

ಜಾರುವ ರೋಗಕ್ಕೆ ಕಾರಣ ಹೆಚ್ಚಾಗಿ ಗಡಿಯಾರ. ಚಿತ್ರವನ್ನು ಒಂದು ಯಂತ್ರದಲ್ಲಿ, ಧ್ವನಿಯನ್ನು ಇನ್ನೊಂದರಲ್ಲಿ ಹಿಡಿದರೆ ಎರಡರ ಗಡಿಯಾರಗಳೂ ಕೂದಲೆಳೆಯಷ್ಟು ಬೇರೆಯಾಗಿ ನಡೆಯುತ್ತವೆ. ಅಮೆರಿಕದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 30 ಅಲ್ಲ, 29.97 ಬಿಡಿಚಿತ್ರ. ಅದನ್ನು 30 ಎಂದು ತಿಳಿದು ಮಾರ್ಪಡಿಸಿದರೆ ಸಾವಿರಕ್ಕೊಂದು ಪಾಲು ವ್ಯತ್ಯಾಸ, ತಾಸಿಗೆ 3.6 ಸೆಕೆಂಡು. ಮೊಬೈಲುಗಳದು ಮತ್ತೊಂದು ಚೇಷ್ಟೆ: ಬೆಳಕು ಕಡಿಮೆಯಾದಾಗ, ಯಂತ್ರ ಬಿಸಿಯಾದಾಗ ಸೆಕೆಂಡಿಗೆ 30ರ ಬದಲು 24, 27 ಹೀಗೆ ಮನಬಂದಂತೆ ಹಿಡಿಯುತ್ತವೆ. ಮೊಬೈಲಿನಲ್ಲಿ ನೋಡುವಾಗ ವೇಳೆಯ ಮುದ್ರೆಯಿಂದ ಸರಿಹೋಗುತ್ತದೆ. ಕತ್ತರಿಸುವ ತಂತ್ರಾಂಶವು ಎಲ್ಲ ಬಿಡಿಚಿತ್ರವೂ ಸಮಾನವೆಂದು ಎಣಿಸಿದರೆ ಜಾರಿತು. ಆದುದರಿಂದ ಮೊಬೈಲಿನ ಫೈಲನ್ನು ಮೊಟ್ಟಮೊದಲು 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದನ್ನು ಆರಿಸಿ ಸಮ ಲಯಕ್ಕೆ ತಂದುಕೊಳ್ಳಬೇಕು. ಸಮವಾಗಿ ಜಾರುವ ಹಳೆಯ ಫೈಲಿಗೆ, ಧ್ವನಿಯನ್ನು ಬೇಕಾದಷ್ಟು ಎಳೆದು ಅಥವಾ ಕುಗ್ಗಿಸಿ ಕೂರಿಸಬಹುದು. ಸಾವಿರಕ್ಕೊಂದು ಪಾಲು ಎಳೆದರೆ ಶ್ರುತಿಯ ವ್ಯತ್ಯಾಸ ಭಾಗವತರಿಗೂ ತಿಳಿಯದು.

ನಮ್ಮ ಕರ್ಣಪರ್ವಕ್ಕೆ ಹಿಡಿದದ್ದು ಮೂರನೆಯ ರೋಗ. ಮೊದಲ ಐವತ್ತು ನಿಮಿಷ ಕೂದಲಷ್ಟೂ ತಪ್ಪಿರಲಿಲ್ಲ. ಅಲ್ಲಿ ಹಠಾತ್ತನೆ 0.6 ಸೆಕೆಂಡು. ಮುಂದೆ ಒಂದೂಮುಕ್ಕಾಲು ತಾಸಿನ ಹತ್ತಿರ ಅದು 1.4 ಆಯಿತು. ಎರಡೂವರೆ ತಾಸಿಗೆ ಪೂರಾ 2 ಸೆಕೆಂಡು. ಟೇಪು ಕೆಟ್ಟ ಆ ಮೂರು ಜಾಗಗಳಲ್ಲಿ ಕಂಪ್ಯೂಟರು 15, 20, 15 ಹೀಗೆ ಒಟ್ಟು 50 ಬಿಡಿಚಿತ್ರಗಳನ್ನು ಕೈಬಿಟ್ಟಿತ್ತು. ಧ್ವನಿಯನ್ನು ಮಾತ್ರ ಬಿಡದೆ ಹಿಡಿದಿತ್ತು. ಚಿತ್ರ ಗಿಡ್ಡವಾಯಿತು, ಧ್ವನಿ ಉದ್ದ ಉಳಿಯಿತು. ಇಂತಹದನ್ನು ಸಮನಾಗಿ ಎಳೆದು ಸರಿಮಾಡಲು ಹೋದರೆ ಸರಿಯಿದ್ದ ಮೊದಲ ಐವತ್ತು ನಿಮಿಷವೂ ಕೆಡುತ್ತದೆ. ನಾನು ಮೊದಲು ಹಾಗೆಯೇ ಕೆಡಿಸಿದೆ, ಒಂದು ವಾರ.

ಜಾಗ ಹುಡುಕಲು ನಮಗೆ ಚೆಂಡೆಯಷ್ಟು ಒಳ್ಳೆಯ ಸಾಧನ ಬೇರೆ ಬೇಡ. ಸಿನಿಮಾದವರು ಹಲಗೆ ಬಡಿಯುತ್ತಾರಲ್ಲ, ಅದು ಇದಕ್ಕಾಗಿಯೇ: ಹಲಗೆ ಕೂಡುವ ಚಿತ್ರ, 'ಟಕ್' ಎನ್ನುವ ಶಬ್ದ, ಎರಡನ್ನೂ ಹೊಂದಿಸಿದರೆ ಆಯಿತು. ಚೆಂಡೆಯ ಕೋಲು ಚರ್ಮ ಮುಟ್ಟುವ ಬಿಡಿಚಿತ್ರವನ್ನು ನಿಲ್ಲಿಸಿ, ಧ್ವನಿಯ ಗೆರೆಯಲ್ಲಿ ಬೆಟ್ಟದಂತೆ ಏಳುವ ತುದಿಯನ್ನು ನೋಡಿ, ನಡುವಣ ಅಂತರ ಅಳೆದೆ. ಆಮೇಲೆ ಏನು ಕತ್ತರಿಸುವುದು ಎಂಬ ಯೋಚನೆ ಬಂತು. ಉದ್ದವಿರುವ ಧ್ವನಿಯನ್ನು ಕತ್ತರಿಸಿದರೆ ತಾಳ ಮುರಿಯುತ್ತದೆ. ಅದರ ಬದಲು ಆ ಮೂರು ಜಾಗಗಳಲ್ಲಿ ಹಿಂದಿನ ಬಿಡಿಚಿತ್ರವನ್ನೇ 15, 20, 15 ಸಲ ನಿಲ್ಲಿಸಿ ತುಂಬಿದೆ. ಚಿತ್ರ ಅರೆ ಸೆಕೆಂಡು ನಿಂತರೆ ಕಣ್ಣು ಸಹಿಸಿಕೊಳ್ಳುತ್ತದೆ, ತಾಳ ತಪ್ಪಿದರೆ ಕಿವಿ ಸಹಿಸಿಕೊಳ್ಳದು. ಶಾಟ್‌ಕಟ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು.

ತಂತ್ರಾಂಶದ ಮಾತು ಬಂತು. ಇದಕ್ಕೆಲ್ಲ ಕಾಸು ಕೊಡಬೇಕಾಗಿಲ್ಲ, ಕದ್ದದ್ದನ್ನು ಬಳಸಬೇಕಾಗಿಯೂ ಇಲ್ಲ. 2000ದಲ್ಲಿ ಫಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ತರುಣ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬುದು ಇವೆಲ್ಲದರ ತಾಯಿಬೇರು. ಲೋಕದ ನಾನಾ ಕಡೆಯ ಜನ ಕೂಡಿ ಬೆಳೆಸಿದ್ದು, ಯಾರು ಬೇಕಾದರೂ ಬಳಸಬಹುದಾದದ್ದು. ಅದಕ್ಕೆ ಅಪ್ಪಣೆಗಳನ್ನು ಬೆರಳಚ್ಚು ಮಾಡಿ ಕೊಡಬೇಕು, ಆರಂಭಕ್ಕೆ ಕಷ್ಟ. ಗುಂಡಿ ಒತ್ತಿ ಮಾಡುವವರಿಗೆ ಹ್ಯಾಂಡ್‌ಬ್ರೇಕ್ ಸಾಕು. ಅದರಲ್ಲಿ ಅಂಚನ್ನು ತಾನಾಗಿಯೇ ಹುಡುಕಿ ಕತ್ತರಿಸುವ ಏರ್ಪಾಡಿದೆ, ಅದನ್ನು ನಂಬಬೇಡಿ. ಕತ್ತಲೆಯ ರಂಗವನ್ನು ಅದು ಕಪ್ಪು ಪಟ್ಟಿಯೆಂದು ಭ್ರಮಿಸುವುದುಂಟು. ಮೇಲೆ, ಕೆಳಗೆ, ಎಡ, ಬಲ ಎಷ್ಟೆಷ್ಟೆಂದು ನೀವೇ ಬರೆಯಿರಿ. ಗುಣಮಟ್ಟದ ಅಂಕಿ ಅದರಲ್ಲಿ ತಿರುಗುಮುರುಗು: ಕಡಿಮೆ ಇಟ್ಟಷ್ಟೂ ಒಳ್ಳೆಯ ಚಿತ್ರ, ದೊಡ್ಡ ಫೈಲು. ಹಳೆಯ ಟೇಪಿಗೆ ಎಚ್.264ರಲ್ಲಿ 18 ರಿಂದ 20ರ ತನಕ ನಾನು ಇಡುತ್ತೇನೆ. ಇಡೀ ಫೈಲಿಗೆ ಒಮ್ಮೆಲೇ ಕೈ ಹಾಕದೆ ಶುರುವಿನ ಒಂದು ನಿಮಿಷ, ನಡುವಿನ ಒಂದು ನಿಮಿಷ, ಕೊನೆಯ ಒಂದು ನಿಮಿಷ ಮಾತ್ರ ಮಾಡಿ ನೋಡಿ. ಅನ್ನ ಬೆಂದಿದೆಯೇ ಎಂದು ಅಡಿಗೆಯವನು ಅಗುಳು ಹಿಸುಕಿ ನೋಡುವಂತೆ. ವ್ಯತ್ಯಾಸವೆಂದರೆ ಇಲ್ಲಿ ಕೊನೆಯ ಅಗುಳೇ ಮುಖ್ಯ. ಜಾರುವ ರೋಗ ಶುರುವಿನಲ್ಲಿ ಕಾಣದು.

ಇನ್ನೊಂದನ್ನು ಮರೆಯುವ ಮೊದಲು ಹೇಳುತ್ತೇನೆ. ಎಂಪಿ4 ಡಬ್ಬಿಯಲ್ಲಿ ಯಾವ ತುಣುಕು ಎಲ್ಲಿದೆಯೆಂಬ ಪಟ್ಟಿಯನ್ನು ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಬರೆಯುತ್ತದೆ. ರೆಕಾರ್ಡು ನಡೆಯುತ್ತಿರುವಾಗಲೇ ಮೊಬೈಲಿನ ಬ್ಯಾಟರಿ ಸತ್ತರೆ ಪಟ್ಟಿಯಿಲ್ಲದ ಫೈಲು ಉಳಿಯುತ್ತದೆ. ಒಳಗೆ ಎಲ್ಲ ಇದ್ದೂ ತೆರೆಯುವುದಿಲ್ಲ. ನಾಟಕ ಹಿಡಿಯುವ ಹುಡುಗರು ಅಂಕದ ನಡುವಣ ವಿರಾಮದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಲಿ. ವಾಟ್ಸಾಪಿನಲ್ಲಿ ವಿಡಿಯೋವೆಂದು ಕಳಿಸಿದರೆ ಅದು ತಾನೇ ಇನ್ನೊಮ್ಮೆ ಹಿಂಡಿ ಕಳಿಸುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ 2 ಗಿಗಾಬೈಟಿನ ತನಕ ಇದ್ದಂತೆಯೇ ಹೋಗುತ್ತದೆ.

ಕರ್ಣಪರ್ವದ ಕಥೆ ಎಲ್ಲಿಗೆ ಬಂತೆಂದು ಕೆಲವರು ಕೇಳುತ್ತಿದ್ದಾರೆ. ಬೂಷ್ಟು ಒರೆಸಿ, ಕೈಯಿಂದ ಸುತ್ತಿ, ಟೇಪನ್ನು ಎರಡನೆಯ ಸಲ ಇಳಿಸಿದೆವು. ಎರಡು ತಾಸು ನಲವತ್ತು ನಿಮಿಷ ಬಂತು, ಗೆಜ್ಜೆಯೂ ಕಂಡಿತು. ಕೊನೆಯ ಹನ್ನೆರಡು ನಿಮಿಷ ಟೇಪು ಅಂಟಿಕೊಂಡು ಹರಿಯಿತು. ಕರ್ಣ ರಥದಿಂದ ಇಳಿಯುವ ಭಾಗ ಅದರಲ್ಲಿಯೇ ಇತ್ತು. ಅಷ್ಟಕ್ಕೆ ನನ್ನ 2019ರ ಕೆಟ್ಟ ಪ್ರತಿಯನ್ನೇ ತೆಗೆದು, ಧ್ವನಿ ಹೊಂದಿಸಿ, ಬೆಸೆದಿದ್ದೇನೆ. ಕಾಲು ಕಾಣುವುದಿಲ್ಲ, ಮುಖ ಕಾಣುತ್ತದೆ, ಮಾತು ತುಟಿಯ ಮೇಲೆಯೇ ಇದೆ. ಪೆನ್‌ಡ್ರೈವಿನಲ್ಲಿ ಹಾಕಿ ಊರಿಗೆ ಕಳುಹಿಸಿದೆ. ಮೊಮ್ಮಗ ಫೋನು ಮಾಡಿ, ಅಜ್ಜಿ ಎರಡು ಸಲ ನೋಡಿದರೆಂದೂ ಕೊನೆಯಲ್ಲಿ ಕಾಲು ಯಾಕಿಲ್ಲವೆಂದು ಕೇಳಿದರೆಂದೂ ಹೇಳಿದ. ನಿಜವನ್ನೇ ಹೇಳಿದೆ.

ಕಪಾಟಿನಲ್ಲಿ ಇನ್ನೂ ಮೂವತ್ತೊಂದು ಕ್ಯಾಸೆಟ್ಟುಗಳಿವೆ. ಸದಸ್ಯರ ಮನೆಗಳಲ್ಲಿ ಎಷ್ಟಿವೆಯೋ. ತರುವವರು ದಯವಿಟ್ಟು ಮನೆಯ ಹಳೆಯ ವಿ.ಸಿ.ಆರ್.ಗೆ ಹಾಕಿ ಪರೀಕ್ಷೆ ಮಾಡಬೇಡಿ; ಬೂಷ್ಟು ಹಿಡಿದ ಟೇಪು ಒಮ್ಮೆ ಓಡಿದರೆ ಹರಿಯುತ್ತದೆ, ಯಂತ್ರದ ತಲೆಯನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಯಾವ ವರ್ಷದ್ದು, ಯಾರು ಯಾರು ಇದ್ದಾರೆ ಎಂದು ಚೀಟಿ ಬರೆದು ತನ್ನಿ. ಭಾನುವಾರ ಮಧ್ಯಾಹ್ನದ ಪಾಳಿ ಮುಗಿಸಿ ನಾಲ್ಕು ಗಂಟೆಗೆ ನಾನು ಇಲ್ಲಿಯೇ ಇರುತ್ತೇನೆ. ಚೆಂಡೆಯ ಪೆಟ್ಟು ಹಿಡಿಯಲು ಒಳ್ಳೆಯ ಕಿವಿಯ ಇಬ್ಬರು ಬೇಕಾಗಿದ್ದಾರೆ. ಕಂಪ್ಯೂಟರು ಬಾರದಿದ್ದರೂ ನಡೆದೀತು.